ಹಮೀದಾಕನ ಕೈ ಹಿಡಿದು ಹೇಳಿದ ಖಲಾಸ್

ಕಫೀಲ್ ಒಪ್ಪಲಿಲ್ಲ ಎಂದು ನಾನು ಹಮೀದಾಕನಿಗೆ ಹೇಳಿದ್ದು ಸುಳ್ಳು. ವೀಸಾ ಕೊಡಬೇಕಾಗಿದ್ದ ಆ ಅರಬ್ಬಿ ಯಜಮಾನನನ್ನು ನಾನು ಕೇಳಿಯೇ ಇರಲಿಲ್ಲ. ಹನ್ನೊಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಈ ಅರಬ್ಬರ ನಾಡಿನ ಶುವೈಖ್‌ನಲ್ಲಿ ಕಾರಿನ ಬಿಡಿಭಾಗ ಮಾರಿದ್ದೇನೆ — ಮಾತಿಗೆ ತಪ್ಪದ ಮನುಷ್ಯ ಎಂಬ ಹೆಸರಿನಲ್ಲಿ.

ಆ ಹೆಸರಿನ ಮೊದಲ ಪಾಠ ಅವರದೇ. ಉಪ್ಪಿನಂಗಡಿಯ ಹಮೀದಾಕ ಪಕ್ಕದ ವರ್ಕ್‌ಶಾಪಿನ ಫೋರ್‌ಮನ್. ಅರಬ್ಬಿಯ ಗಂಧವಿಲ್ಲದ ನನ್ನನ್ನು ಗಿರಾಕಿಗಳ ಮುಂದೆ ನಿಲ್ಲಿಸಿ, ಖಲಾಸ್ ಎಂಬ ಒಂದೇ ಮಾತನ್ನು ತಿಂಗಳುಗಟ್ಟಲೆ ಕಲಿಸಿದರು. ಮೆಸ್ಸಿನಲ್ಲಿ ಮೀನು ಖಲಾಸ್ ಎಂದರೆ ತೀರಿತು. ಜಗಳದ ನಡುವೆ ಎಂದರೆ ಸಾಕು ಮಾಡು. ಬೊಂಬಾಯಿಯವರ ಬಾಯಲ್ಲಿ, ಆಳೇ ಹೋದ. ಅಳುವವರ ಬೆನ್ನು ತಟ್ಟಿ ಎಂದರೆ, ಆಯ್ತು ಬಿಡು. ಬಿಡುಗಡೆ ಎಂಬ ಅರ್ಥವೂ ಅದರ ಬೇರಿನಲ್ಲಿದೆಯಂತೆ. ನಮ್ಮ ಬಂದರಿನ ಖಲಾಸಿಗಳ ಹೆಸರೂ ಅಲ್ಲಿಂದಲೇ ಬಂದದ್ದು ಎಂಬುದು ಅವರ ವಾದ.

"ಬೇರೆ ಕಡೆ ಹೇಗೆ ಬೇಕಾದ್ರೂ ಹೇಳು ಮಾರಾಯ. ವ್ಯಾಪಾರದಲ್ಲಿ ಕೈ ಹಿಡಿದು ಹೇಳಿದ್ಯಾ, ಮುಗೀತು. ಮತ್ತೆ ಅರಮನೆಯಿಂದ ಗಿರಾಕಿ ಬಂದ್ರೂ ನಿಂಗೆ ಕಿವಿ ಕೇಳ್ಬಾರ್ದು."

ಹೊಸದಾಗಿ ಅಂಗಡಿ ಇಡುವವರಿಗೆ ನಾನೂ ಇದನ್ನೇ ಹೇಳುತ್ತೇನೆ — ಬೆಲೆಯನ್ನು ಎಷ್ಟಾದರೂ ಜಗ್ಗಿ, ಕೈ ಕೊಟ್ಟ ಮೇಲೆ ಜಗ್ಗಬೇಡಿ. ನಾನೇ ಒಮ್ಮೆ ಅದನ್ನು ಮುರಿದವನು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಹಮೀದಾಕ ತನ್ನ ತಮ್ಮ ರಫೀಕನಿಗೆ ನನ್ನಲ್ಲಿ ಕೆಲಸ ಕೇಳಿದ್ದರು. ಇದ್ದದ್ದು ಒಂದೇ ವೀಸಾ. ಅವರ ಕೈ ಹಿಡಿದೇ "ಖಲಾಸ್, ಕಾಕ" ಎಂದೆ. ಅದನ್ನು ನಂಬಿ ರಫೀಕ ಊರಿನಲ್ಲಿದ್ದ ಕೆಲಸ ಬಿಟ್ಟ. ಎರಡು ವಾರ ಕಳೆದು ಜಹ್ರಾದ ದೊಡ್ಡ ಗಿರಾಕಿಯೊಬ್ಬ, ತನ್ನ ಪರಿಚಯದವನನ್ನು ಇಟ್ಟುಕೊಂಡರೆ ವರ್ಷವಿಡೀ ಆರ್ಡರ್ ನನಗೇ ಎಂದ. ಯೋಚಿಸಲು ಒಂದು ಚಹಾದಷ್ಟು ಹೊತ್ತೂ ನನಗೆ ಬೇಕಾಗಲಿಲ್ಲ; ಆ ವೀಸಾ ಅವನ ಕಡೆಯವನಿಗೆ ಹೋಯಿತು.

ಸುಳ್ಳು ಕೇಳಿದ ಹಮೀದಾಕ ನನ್ನನ್ನೇ ಸಮಾಧಾನ ಮಾಡಿದರು. "ಕಫೀಲ್ ಬೇಡ ಅಂದ್ರೆ ನೀನೆಂತ ಮಾಡ್ತಿ? ಮಂಡೆಬಿಸಿ ಮಾಡ್ಬೇಡ."

ರಫೀಕ ಎರಡು ವರ್ಷ ಕೆಲಸವಿಲ್ಲದೆ ಅಣ್ಣನ ಸಂಬಳವನ್ನೇ ನಂಬಿ ಕುಳಿತ. ಆ ಅಣ್ಣ ತನ್ನ ವರ್ಕ್‌ಶಾಪಿನ ಗಿರಾಕಿಗಳನ್ನು ನನ್ನ ಅಂಗಡಿಗೇ ಕಳಿಸುತ್ತಿದ್ದರು, ಮೊದಲಿನಂತೆಯೇ. ನಾನು ತಿಂದ ಅನ್ನದಲ್ಲಿ ಅವರ ಪಾಲು ಎಷ್ಟೆಂದು ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ.

ಮುಂದಿನ ವಾರ ಹಮೀದಾಕ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ರದ್ದು ಮಾಡಿಸಿ ಶಾಶ್ವತವಾಗಿ ಊರಿಗೆ ಹೊರಡುತ್ತಾರೆ. ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡು ಎಂದು ಇಲ್ಲಿರುವ ಊರಿನವರು ನನಗೇ ಹೇಳಿದ್ದಾರೆ. ಕೃತಜ್ಞತೆಯ ಮಾತು ಮನಸ್ಸಿನಲ್ಲಿ ಬೇಕಾದಷ್ಟಿದೆ. ಆದರೆ ಅದಕ್ಕೂ ಮೊದಲು, ನಾಳೆ, ಅವರ ಕೋಣೆಗೆ ಹೋಗುತ್ತೇನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಆಮೇಲೂ ನಾನು ಮಾತಾಡಬೇಕೋ ಬೇಡವೋ, ಅದನ್ನು ಅವರೇ ಹೇಳಲಿ.