ಗುರುತು ಬಿಡದ ಗಂಡ

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಂಜಿಯಕ್ಕ ಎನ್ನುತ್ತಿದ್ದರು. ಹೋಟೆಲುಗಳಿಂದ ಬರುವ ಹಾಸಿಗೆಯ ಚಾದರಗಳಿಗೆ ಗಂಜಿ ಹಾಕಿ, ಬಿಸಿ ಉರುಳೆಗಳ ನಡುವೆ ಹಾಯಿಸಿ ತೆಗೆಯುವುದು ಅವಳ ಕೆಲಸ. ಮಾತೂ ಚಾದರದಷ್ಟೇ ಗರಿಗರಿ. ಮದುವೆಯಾಗುವಾಗ ಮೂವತ್ತು ದಾಟಿತ್ತು. ಗಂಡ ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನು, ಮೆತ್ತನೆಯ ದನಿಯ ಮನುಷ್ಯ. ಮೊದಲ ಕೆಲವು ವರ್ಷ ಇಬ್ಬರೂ ನಗುನಗುತ್ತಲೇ ಇದ್ದರು.

ಆಮೇಲೊಮ್ಮೆ ಅವನಿಗೆ ಜ್ವರ ಬಂತು. ವಾರಗಟ್ಟಲೆ ಬಿಡಲಿಲ್ಲ. ಆಸ್ಪತ್ರೆಗೆ ಒಬ್ಬನೇ ಹೋಗಿಬಂದ. ಕೆಮ್ಮು ನಿನಗೂ ಹತ್ತೀತು ಎಂದು ಹೇಳಿ ಹಾಸಿಗೆಯನ್ನು ಮುಂದಿನ ಕೋಣೆಗೆ ಒಯ್ದ. ಜ್ವರ ಇಳಿಯಿತು, ಕೆಮ್ಮು ನಿಂತಿತು. ಹಾಸಿಗೆ ಮಾತ್ರ ಹಿಂದಕ್ಕೆ ಬರಲಿಲ್ಲ.

ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿದರೆ ಜನ ಹೆದರುತ್ತಾರೆ. ಗಂಜಿಯಕ್ಕನಿಗೆ ಇರಬೇಕಾದವನೇ ಇಲ್ಲವೇನೋ ಅನ್ನಿಸತೊಡಗಿತು. ಕೆಲಸ ಮುಗಿಸಿ ಬಂದರೆ ಬಾಗಿಲಲ್ಲೇ ಫಿನಾಯಿಲ್ ವಾಸನೆ. ಬಾಚಣಿಗೆಯಲ್ಲಿ ಒಂದು ಕೂದಲಿಲ್ಲ. ಅವನ ಟವೆಲ್ ಒದ್ದೆಯಾಗಿಲ್ಲ. ಅವನು ಕುಡಿದ ಲೋಟ ಎಲ್ಲೂ ಕಾಣದು. ಕರೆದರೆ ಕುರ್ಚಿಯಿಂದ "ಹ್ಞೂಂ" ಎನ್ನುತ್ತಿದ್ದ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ಪರರ ಮನೆಗೆ ಬಂದವನಂತೆ ಕುರ್ಚಿಯ ತುದಿಯಲ್ಲಿ ಕುಳಿತಿರುತ್ತಿದ್ದ. ಅವಳು ಹತ್ತಿರ ಹೋದಷ್ಟೂ ಅವನು ಹಿಂದೆ ಸರಿಯುತ್ತಿದ್ದ.

ಅವನ ಚಾದರ ಅವಳನ್ನು ಇನ್ನೂ ಹೆದರಿಸಿತು. ಮನುಷ್ಯ ಮಲಗಿ ಎದ್ದ ಚಾದರ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದರಲ್ಲಿ ಒಂದು ಸುಕ್ಕೂ ಇರಲಿಲ್ಲ. ಒಂದು ಸಂಜೆ ತನ್ನದೇ ಕೂದಲೆಳೆಯೊಂದನ್ನು ಅವನ ದಿಂಬಿನ ಮೇಲೆ ಅಡ್ಡವಾಗಿ ಇಟ್ಟಳು. ಬೆಳಗ್ಗೆ ನೋಡಿದರೆ ಕೂದಲು ಇಟ್ಟಲ್ಲೇ ಇತ್ತು.

ಕಾರ್ಖಾನೆಯಲ್ಲಿ ಚಾದರ ಮಡಚುವ ಗೆಳತಿಗೆ ಹೇಳಿದಳು. ಅವಳು ಕಿಸಕ್ಕನೆ ನಕ್ಕಳು. "ಅಕ್ಕ, ನಿನ್ನ ಗಂಡನೇ ದೆವ್ವ ಆಗಿರ್ಬೇಕು. ಕಾಲು ನೆಲಕ್ಕೆ ತಾಗುತ್ತಾ ನೋಡು."

ಗಂಜಿಯಕ್ಕನಿಗೆ ನಗು ಬರಲಿಲ್ಲ. ಆ ಸಂಜೆ ನಿಜವಾಗಿಯೂ ಅವನ ಕಾಲು ನೋಡಿದಳು.

ಅದಾದ ಸ್ವಲ್ಪ ದಿನಕ್ಕೆ ಕಾರ್ಖಾನೆಯ ಬಾಯ್ಲರ್ ಕೆಟ್ಟು, ಮಧ್ಯಾಹ್ನವೇ ಎಲ್ಲರನ್ನೂ ಮನೆಗೆ ಕಳಿಸಿದರು. ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿಯಲು ಕೈಯೆತ್ತಿದವಳು ಒಳಗಿನ ಸದ್ದು ಕೇಳಿ ಕಿಟಕಿಯತ್ತ ಹೋದಳು.

ಹಾಡುಹಗಲು. ಬಿಸಿಲು ನೆಲದ ಮೇಲೆಲ್ಲ ಬಿದ್ದಿತ್ತು. ಗಂಡ ರಬ್ಬರಿನ ಗ್ಲೌಸ್ ಹಾಕಿಕೊಂಡು ಕುರ್ಚಿಯ ತೋಳು ಒರೆಸುತ್ತಿದ್ದ. ಆಮೇಲೆ ಸ್ವಿಚ್ಚು, ಆಮೇಲೆ ಬಾಗಿಲ ಚಿಲಕ. ಬಳಿಕ ಬಗ್ಗಿ, ತಾನು ನಡೆದ ಜಾಗವನ್ನು ಒರೆಸುತ್ತ ಹಿಂದೆ ಹಿಂದೆ ಬಂದ. ತಾನಲ್ಲಿ ಇರಲೇ ಇಲ್ಲ ಎನ್ನುವಂತೆ ತನ್ನನ್ನೇ ಅಳಿಸುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. "ಅವಳಿಗೆ ಬೇಡ, ಅವಳಿಗೆ ಬೇಡ" ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಕಿಟಕಿ ಬಡಿದಳು. ಬೆಚ್ಚಿಬಿದ್ದವನ ಮೊಣಕೈ ತಗುಲಿ ಗಾಜಿನ ಲೋಟ ಒಡೆಯಿತು. ಚೂರು ಹೆಕ್ಕಲು ಹೋದಾಗ ಗ್ಲೌಸ್ ಸೀಳಿ ರಕ್ತ ಬಂತು. ಅವಳು ಹಿತ್ತಲ ಬಾಗಿಲಿನಿಂದ ಓಡಿ ಒಳಗೆ ಬಂದಳು.

"ಹತ್ತಿರ ಬರ್ಬೇಡ!" ಮೆತ್ತನೆಯ ದನಿಯ ಆ ಮನುಷ್ಯ ಕಿರುಚಿ, ಬಚ್ಚಲುಮನೆಗೆ ನುಗ್ಗಿ ಅಗುಳಿ ಹಾಕಿಕೊಂಡ.

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು.

"ರೀ, ಏನಾಗಿದೆ ಹೇಳ್ರಿ. ಕೇಳಿದ್ಮೇಲೆ ಹೆದರ್ತೀನಿ, ಈಗ್ಲೇ ಯಾಕೆ ಹೆದರಿಸ್ತೀರಾ?"

ನಲ್ಲಿ ನಿಂತಿತು. "ನನಗೆ ಎಚ್‌ಐವಿ ಇದೆಯಂತೆ. ಮದುವೆಗೆ ಮುಂಚೆಯೇ ಬಂದಿರ್ಬೇಕು ಅಂದ್ರು. ನನಗೆ ಗೊತ್ತಿರ್ಲಿಲ್ಲ ಕಣೇ."

"ಔಷಧ?"

"ತಗೊಂಡಿಲ್ಲ. ಆ ಆಸ್ಪತ್ರೆ ಕಡೆ ಮತ್ತೆ ತಲೆ ಹಾಕಿಲ್ಲ."

"ಮಲಗೋದೆಲ್ಲಿ?"

"ಕುರ್ಚೀಲಿ. ಚಾದರ ನೀನೇ ತೊಳೀತೀಯಲ್ಲ."

ಗಂಜಿಯಕ್ಕನಿಗೆ ಸಿಟ್ಟು, ಭಯ, ಅಳು ಎಲ್ಲ ಒಟ್ಟಿಗೇ ಬಂದವು. ಕೊನೆಗೆ ಹೇಳಿದಳು: "ನೀವು ಸತ್ತುಹೋಗಿದೀರಿ, ನನಗೊಬ್ಬಳಿಗೇ ಯಾರೂ ಹೇಳಿಲ್ಲ ಅಂದ್ಕೊಂಡಿದ್ದೆ."

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಅವಳ ರಕ್ತದಲ್ಲಿ ಸೋಂಕು ಇರಲಿಲ್ಲ. ಅವನು ಅದನ್ನು ನಂಬದೆ ಎರಡೆರಡು ಸಲ ಕೇಳಿದ. ಡಾಕ್ಟರಮ್ಮ ಬೇಸರಪಡದೆ ವಿವರಿಸಿದರು.

"ತಟ್ಟೆ, ಲೋಟ, ಚಾದರ, ಚಿಲಕ, ಇದ್ಯಾವುದರಿಂದಲೂ ಇದು ಬರಲ್ಲ. ಅಪ್ಪಿಕೊಂಡ್ರೂ ಬರಲ್ಲ. ನೀವು ದಿನಾ ಮಾತ್ರೆ ತಗೊಳ್ಳಿ. ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು, ಹಾಗೇ ಉಳಿದ್ರೆ, ಗಂಡ ಹೆಂಡತಿ ಕೂಡಿದಾಗ ಇವರಿಗೆ ಹರಡಲ್ಲ. ಅದಕ್ಕೆ ಕೆಲವು ತಿಂಗಳು ಬೇಕು. ಅಲ್ಲಿವರೆಗೂ ಕಾಂಡೋಮ್ ಬಳಸಿ. ಇವರಿಗೂ ಸೋಂಕು ತಗಲದಂತೆ ತಡೆಯೋ ಮಾತ್ರೆ ಕೊಡ್ತೀನಿ."

"ಅಷ್ಟು ಇಳಿದ್ರೆ ಅದು ಸತ್ತ ಹಾಗಾ?" ಅವನು ಕೇಳಿದ.

"ಇಲ್ಲ. ಮೈಯೊಳಗೆ ಎಲ್ಲೋ ಮಲಗಿರುತ್ತೆ. ಮಾತ್ರೆ ಬಿಟ್ರೆ ಏಳುತ್ತೆ."

ಈ ಮಾತು ಗಂಜಿಯಕ್ಕನ ತಲೆಯಿಂದ ಹೋಗಲಿಲ್ಲ. ಬಸ್ಸಿನಲ್ಲಿ ಬರುವಾಗ ಗಂಡನ ಎದೆ ಏರಿಳಿಯುವುದನ್ನೇ ನೋಡಿದಳು. ಅಲ್ಲೇ ಎಲ್ಲೋ ಇನ್ನೊಂದು ಉಸಿರು ಮಲಗಿದೆ ಅನ್ನಿಸಿತು. ಆದರೂ ಅವನ ಕೈಯನ್ನು ಕಂಕುಳಿನಿಂದ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಕೈ ತಣ್ಣಗಿತ್ತು. ಇಳಿಯುವವರೆಗೂ ಬಿಡಲಿಲ್ಲ.

ಬೆಳಗಿನ ಕಾಫಿಯ ಜತೆ ಇಬ್ಬರೂ ಮಾತ್ರೆ ನುಂಗುವುದು ರೂಢಿಯಾಯಿತು. ಮೊದಮೊದಲು ಅವನಿಗೆ ಕೆಟ್ಟ ಕನಸುಗಳು ಬೀಳುತ್ತಿದ್ದವು. ನಡುರಾತ್ರಿ ಎದ್ದು ಕೂರುತ್ತಿದ್ದ. ತಿಂಗಳುಗಳು ಕಳೆದು, ಒಂದು ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಮುಂದಿನದರಲ್ಲೂ ಕಾಣಲಿಲ್ಲ. ಇನ್ನು ಸಾಕೆಂದು ಡಾಕ್ಟರಮ್ಮ ಹೇಳಿದ ಮೇಲೆ ಅವಳು ತನ್ನ ಮಾತ್ರೆ ನಿಲ್ಲಿಸಿದಳು. ತಪಾಸಣೆ ನಿಲ್ಲಿಸಲಿಲ್ಲ.

ಕೆಲವು ವರ್ಷಗಳ ನಂತರ ಅವನು ದೂರದ ಊರಿಗೆ ಗಾಜು ಕೂರಿಸಲು ಹೋದ. ಮಾತ್ರೆಯಿದ್ದ ಚೀಲ ಬಸ್ಸಿನಲ್ಲೇ ಕಳೆದುಹೋಯಿತು. ಗುರುತಿಲ್ಲದ ಊರಿನ ಆಸ್ಪತ್ರೆಯಲ್ಲಿ ಬಾಯಿಬಿಡಲು ಅಳುಕಿ, ಕೆಲಸ ಮುಗಿಯುವವರೆಗೂ ಸುಮ್ಮನಿದ್ದುಬಿಟ್ಟ. ತಿರುಗಿ ಬಂದವನು ಹೊಸ್ತಿಲಲ್ಲೇ ನಿಂತ. "ಮಾತ್ರೆ ತಪ್ಪಿದೆ. ವಾರಗಟ್ಟಲೆ. ಪರೀಕ್ಷೆ ಆಗೋವರೆಗೂ ಹುಷಾರಾಗಿರ್ಬೇಕು."

ಅವಳು ಬಾಯಿಗೆ ಬಂದಂತೆ ಬೈದಳು. ಬೈದು ಸುಸ್ತಾಗಿ ಹೇಳಿದಳು: "ಸದ್ಯ, ಈ ಸಲ ಹೇಳಿದ್ರಲ್ಲ. ಬನ್ನಿ ಒಳಗೆ."

ವೈರಸ್ ಮತ್ತೆ ತಲೆಯೆತ್ತಿತ್ತು. ಮಾತ್ರೆ, ಕಾಂಡೋಮ್, ಕಾಯುವುದು, ಎಲ್ಲ ಹೊಸದಾಗಿ ಶುರುವಾಯಿತು. ಕೆಲವು ತಿಂಗಳಲ್ಲಿ ಅದು ಮತ್ತೆ ಮಲಗಿತು. ಅವಳಿಗೆ ಸೋಂಕು ತಗಲಲಿಲ್ಲ, ಇವತ್ತಿಗೂ ತಗಲಿಲ್ಲ.

ಒಂದು ಅಭ್ಯಾಸ ಮಾತ್ರ ಉಳಿದಿದೆ. ಮನೆ ತೀರಾ ಸದ್ದಿಲ್ಲದಂತಾದರೆ ಅವಳು ಕೈಯಲ್ಲಿನ ಕೆಲಸ ನಿಲ್ಲಿಸಿ ಅಡುಗೆಮನೆಯಿಂದ ಕೂಗುತ್ತಾಳೆ: "ಇದೀರಾ?"

"ಇದೀನಿ" ಎನ್ನುತ್ತಾನೆ ಅವನು. ಆಮೇಲಷ್ಟೇ ಅವಳು ಮತ್ತೆ ನಲ್ಲಿ ತಿರುಗಿಸಿ ಕೆಲಸಕ್ಕೆ ಕೈಹಾಕುತ್ತಾಳೆ.