ಜಳಕೋಟ ದಾರಿಯ ಗಂಟೆ

ದೆವ್ವ, ಭೂತ, ಕಾಣದ ಕೈ ಎಂದರೆ ನಾನು ನಗುತ್ತಿದ್ದವನು. ವಿದ್ಯುತ್ತಿನ ಕೆಲಸ ಕಲಿತವನಿಗೆ ಎಲ್ಲದಕ್ಕೂ ಕಾರಣ ಸಿಕ್ಕೇ ಸಿಗುತ್ತದೆಂಬ ಸೊಕ್ಕು ಬೇರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಆಗ ನಿಜಾಮರ ಆಳಿಕೆ. ಉದಗೀರದ ಸಾವಕಾರರೊಬ್ಬರ ಹತ್ತಿ ಗಿರಣಿಯಲ್ಲಿ ನಾನು ಡೈನಮೋ ನೋಡಿಕೊಳ್ಳುತ್ತಿದ್ದೆ. ಜಳಕೋಟ ದಾರಿಯಲ್ಲಿದ್ದ ಅವರದೇ ಎಣ್ಣೆ ಗಿರಣಿಗೆ ಹೊಲಗಳಲ್ಲಿ ಕಂಬ ನೆಟ್ಟು ಇಲ್ಲಿಂದಲೇ ವಿದ್ಯುತ್ ಕಳಿಸುತ್ತಿದ್ದೆವು. ದಾರಿಯಲ್ಲಿ ತಂತಿ ಹರಿದು ಬಿದ್ದರೆ ನನ್ನ ಮುಂದಿನ ಮೀಟರಿನ ಮುಳ್ಳು ಜಿಗಿಯುತ್ತಿತ್ತು. ಆದರೆ ಆ ಕಡೆ ದೊಡ್ಡ ಯಂತ್ರ ಶುರುವಾದಾಗಲೂ ಅದು ಹಾಗೆಯೇ ಜಿಗಿಯುತ್ತಿತ್ತು. ಅದಕ್ಕೆಂದೇ ಅದೇ ಕಂಬಗಳ ಮೇಲೆ ಬೇರೊಂದು ತಂತಿ ಎಳೆದು ನನ್ನ ಕೋಣೆಗೆ ಗಂಟೆ ಹಾಕಿದ್ದೆವು. ದೋಷ ತನ್ನ ಕಡೆ ಇಲ್ಲ, ದಾರಿಯಲ್ಲಿದೆ ಎಂದು ಕಂಡರೆ ಆ ತುದಿಯಲ್ಲಿದ್ದ ಗೆಳೆಯ ಸಂಗಪ್ಪ ಗಂಟೆ ಬಾರಿಸಬೇಕು. ಎರಡು ಸಲ, ತುಸು ತಡೆದು ಮತ್ತೊಂದು ಸಲ. ಆಮೇಲಷ್ಟೇ ನಾನು ಸ್ವಿಚ್ಚು ಎಳೆದು ವಿದ್ಯುತ್ ನಿಲ್ಲಿಸಬೇಕು. ಗಂಟೆಯಿಲ್ಲದೆ ಎಳೆದರೆ ನೌಕರಿ ಹೋಯಿತೆಂದು ಸಾವಕಾರರ ತಾಕೀತು.

ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಮುಳ್ಳು ಜಿಗಿಯಿತು. ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದೆ. ಗಂಟೆ ಬಡಿಯಿತು. ಎರಡು ಸಲ, ತಡೆದು, ಒಂದು. ಎಳೆದುಬಿಟ್ಟೆ.

ಸಾವಕಾರರು ಕೂಗುತ್ತ ಬಂದರು. "ಯಾರಿಗಿ ಕೇಳಿ ಬಂದ್ ಮಾಡ್ದಿ?"

"ಸಂಗಪ್ಪ ಗಂಟಿ ಹೊಡದಾನ್ರೀ," ಎಂದೆ.

"ಸುಳ್ಳ ಹೇಳಬ್ಯಾಡ. ಅಂವಗ ಮುಂಜಾನಿನೇ ಇಲ್ಲಿಗಿ ಕರಿಸೀನಿ. ಹಿಂದ ಅಂಗಳದಾಗ ಹಾನ."

ಓಡಿ ನೋಡಿದೆ. ಹಮಾಲರು ಸಾಲಲಿಲ್ಲವೆಂದು ಸಂಗಪ್ಪನನ್ನು ಅಲ್ಲಿಂದ ಎಬ್ಬಿಸಿ ತಂದು ಹತ್ತಿಯ ಅಂಡಿಗೆಗಳನ್ನು ಹೊರಲು ಹಚ್ಚಿದ್ದರು. ಆ ತುದಿಯ ಗಂಟೆಯ ಕೋಣೆಗೆ ಬೀಗ. ನನಗೆ ಒಂದು ಮಾತೂ ಹೇಳಿರಲಿಲ್ಲ! ಅವನಿಲ್ಲದ ಮೇಲೆ ಬಾರದ ಗಂಟೆಗಾಗಿ ನಾನು ಕಾಯುತ್ತಲೇ ಕೂರಬೇಕಾಗುತ್ತಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸಂಗಪ್ಪನೂ ನಾನೂ ಕಂಬಗಳ ಗುಂಟ ಹೊರಟೆವು. ಜೋಳ ಕೊಯ್ದ ಹೊಲದಲ್ಲಿ ತಂತಿ ಬಿದ್ದಿತ್ತು. ಪಕ್ಕದಲ್ಲಿ ಸತ್ತ ಕುರಿ, ಸುಟ್ಟ ಅಂಗೈ ಹಿಡಿದು ನಡುಗುತ್ತ ಕೂತ ಕುರುಬರ ಹೆಣ್ಣುಮಗಳು.

"ಕುರಿ ಒದ್ದಾಡ್ಲಿಕತ್ತಿತ್ರೀ. ತಂತಿ ಹಿಡದು ಎಳದೆ. ಕೈ ಬಿಡ್ಲಿಕ್ಕೇ ಬರಲಿಲ್ಲ. ಆಮ್ಯಾಲ ಒಮ್ಮಿಗೇ ಬಿಡ್ತು," ಎಂದಳು.

ಗಂಟೆಯ ತಂತಿಯೂ ಅಲ್ಲೇ ತುಂಡಾಗಿ ಬಿದ್ದಿತ್ತು. ಬೀಳುವಾಗ ಎರಡೂ ತಾಗಿ ಗಂಟೆ ಬಡಿದಿರಬೇಕೆಂದು ತಿಳಿದವರು ಹೇಳಿದರು. ತಾಗಿದ್ದರೆ ಗಂಟೆಯೊಳಗಿನ ಸುರುಳಿ ಸುಟ್ಟು ಕರಕಾಗಬೇಕಿತ್ತು. ಬಿಚ್ಚಿ ನೋಡಿದೆ, ಒಂದು ಕಲೆಯೂ ಇರಲಿಲ್ಲ. ನಮ್ಮಿಬ್ಬರಿಗಷ್ಟೇ ಗೊತ್ತಿದ್ದ ಆ ನಡುವಿನ ತಡೆ ತಂತಿಗೆ ಹೇಗೆ ತಿಳಿಯಿತು?

ಸಾವಕಾರರಿಗೆ ಹೆದರಿಕೆಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. "ಗಂಟಿ ತಾನೇ ಬಡೀತದ ಅಂದಮ್ಯಾಲ ಅಲ್ಲಿ ಮನಷ್ಯಾ ಯಾಕ ಬೇಕು?" ಎಂದರು.

ನನ್ನ ಮೈ ಉರಿಯಿತು. "ಆ ಕೋಣ್ಯಾಗ ಸಂಗಪ್ಪ ಕೂಡೂತನಕ ನಾ ಸ್ವಿಚ್ಚ ಹಾಕಂಗಿಲ್ರೀ," ಎಂದು ಹೊರಗೆ ಬಂದು ಕೂತೆ. ಬೈದರು, ಬೆದರಿಸಿದರು. ಎಣ್ಣೆ ಗಿರಣಿ ನಿಂತೇ ಇತ್ತು. ಕಡೆಗೆ ಸಂಗಪ್ಪನನ್ನು ಕಳಿಸಲೇಬೇಕಾಯಿತು.

ಅವನು ಹೊರಡುವ ಹೊತ್ತಿಗೆ ಆ ಹೆಣ್ಣುಮಗಳು ಕೈಗೆ ಬಟ್ಟೆ ಸುತ್ತಿಕೊಂಡು ಗಿರಣಿಯ ಬಾಗಿಲಿಗೆ ಬಂದಳು. ಗಂಟೆಯ ಸಂಗತಿ ಅವಳ ಕಿವಿಗೂ ಬಿದ್ದಿತ್ತು.

"ಗಂಟಿ ಹೊಡದಂವಾ ಯಾರ್ರೀ ಯಣ್ಣಾ? ಒಮ್ಮಿ ಅವನ ಮಾರಿ ನೋಡಬೇಕು."

ಸಂಗಪ್ಪ ನನ್ನ ಕಡೆ ನೋಡಿದ, ನಾನು ಅವನ ಕಡೆ.

"ಗೊತ್ತಿಲ್ಲವ್ವಾ," ಎಂದೆ. ಇವತ್ತು ಕೇಳಿದರೂ ಅಷ್ಟೇ ಹೇಳಬಲ್ಲೆ.