ಡ್ರ್ಯಾಗನ್ ನಾಣ್ಯ ತೊಳೆದ ಕೈ

ಸುಮಿತ್ರಾ ಅಕ್ಕಾವ್ರೇ, ಆ ಡ್ರ್ಯಾಗನ್ ನಾಣ್ಯ ತೊಳೆದವನು ನಾನು. ತಪ್ಪನ್ನು ನಿಮ್ಮ ತಲೆಗೆ ಕಟ್ಟಿ, ಆರು ವರ್ಷ ಈ ಹಳೇ ಹುಬ್ಬಳ್ಳಿಯ ಅಂಗಡಿಯಲ್ಲಿ ಆರಾಮಾಗಿ ಕೂತಿದ್ದೆ.

ಬೆಳ್ಳಿ ಕೆಲಸದಲ್ಲಿ ನನಗೆ ಹೇಳಿಕೊಡುವವರು ಈ ಓಣಿಯಲ್ಲಿ ಯಾರೂ ಇಲ್ಲ — ಇದನ್ನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಆ ಸೊಕ್ಕೇ ಕೆಡಿಸಿತು. ನಿಮ್ಮ ಯಜಮಾನರು, ನಮ್ಮ ಮಾಸ್ತರರು, ದೇಶವಿದೇಶದ ನಾಣ್ಯ ಕೂಡಿಸುವವರು. ಆ ಚೀನೀ ಬೆಳ್ಳಿ ನಾಣ್ಯದ ಸುತ್ತ ಒಂದು ಬೆಳ್ಳಿ ಕಟ್ಟು ಮಾಡಿಸಲು ನಿಮ್ಮ ಕೈಯಲ್ಲಿ ಕಳಿಸಿದ್ದರು. ಡ್ರ್ಯಾಗನ್ನಿನ ಮೈಮೇಲೆಲ್ಲ ನೀಲಿ, ನೇರಳೆ, ಬಂಗಾರದ ಬಣ್ಣ ಹಬ್ಬಿತ್ತು. ವರ್ಷಗಟ್ಟಲೆ ತಾನಾಗಿ ಕೂತ ಆ ಬಣ್ಣಕ್ಕಾಗಿಯೇ ಅವರು ಅದನ್ನು ಕೊಂಡಿದ್ದರಂತೆ. ನನ್ನ ಕಣ್ಣಿಗೆ ಅದು ಕೊಳೆ. ಗಿರಾಕಿಗೆ ಮಾಸಿದ ಬೆಳ್ಳಿ ಮರಳಿಸುವುದು ನಮ್ಮ ಮನೆತನದಲ್ಲೇ ಇಲ್ಲ — ಅಂಟವಾಳದ ನೀರಿನಲ್ಲಿ ನೆನೆಸಿ, ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ, ಕಟ್ಟು ಹಾಕಿ, ಡಬ್ಬಿಯಲ್ಲಿಟ್ಟು ಕೊಟ್ಟೆ. ನೀವು ತೆರೆದು ನೋಡದೆ ಒಯ್ದಿರಿ.

ಮರುದಿನ ಮಾಸ್ತರರು ನಿಮ್ಮನ್ನೂ ಕರೆದುಕೊಂಡು ಬಂದರು. ನಾಣ್ಯದ ಬಣ್ಣವೆಲ್ಲ ಹೋಗಿ, ಅದರ ಮೈತುಂಬ ಗೀರು ಬಿದ್ದಿದ್ದವು.

"ಪತ್ತಾರ್ರ, ಖರೇ ಹೇಳ್ರಿ. ನೀವು ತೊಳದೀರೇನು?"

"ಇಲ್ರೀ ಮಾಸ್ತರ. ನಮ್ಮ ಅಂಗಡಿಯಿಂದ ಹೋಗುಮುಂದ ಬಣ್ಣ ಹಂಗ ಇತ್ತು."

ಅವರು ನಿಮ್ಮ ಕಡೆ ತಿರುಗಿದರು. ದೇವರ ಮನೆಯ ಸಾಮಾನನ್ನೆಲ್ಲ ಫಳಫಳ ಇಡುವವರು ನೀವು. ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮುಟ್ಟೇ ಇಲ್ಲ ಅಂತ ನೀವು ಒಂದೇ ಒಂದು ಸಲ ಹೇಳಿದಿರಿ. ನಾನು... ನಾನು ತಲೆ ಬಗ್ಗಿಸಿ ಯಾರದೋ ಕಾಲ್ಗೆಜ್ಜೆಗೆ ಬೆಸುಗೆ ಹಾಕುತ್ತ ಕೂತೆ.

ಅದಕ್ಕೆ ಮೊದಲು ಪ್ರತಿ ಭಾನುವಾರ ಇಬ್ಬರೂ ಕೂತು ನಾಣ್ಯ ನೋಡುತ್ತಿದ್ದಿರಂತೆ, ಒಂದೊಂದಕ್ಕೂ ಚೀಟಿ ಬರೆಯುತ್ತಿದ್ದವರು ನೀವಂತೆ. ಅಂದಿನಿಂದ ನಾಣ್ಯದ ಕಪಾಟಿನ ಕೀಲಿ ಮಾಸ್ತರರ ಕಿಸೆ ಸೇರಿತೆಂದು ನೀವೇ ಒಮ್ಮೆ ಹೇಳಿದ್ದಿರಿ. ಕೇಳಿಯೂ ಬಾಯಿ ಬಿಡಲಿಲ್ಲ — ಹೇಡಿ ನಾನು.

ಹೋದ ವಾರ ಕಾಲುಂಗುರ ಸಡಿಲ ಮಾಡಿಸಲು ಬಂದಾಗ ನಗುತ್ತ ಅಂದಿರಿ:

"ಇತ್ತಿತ್ಲಾಗ ಮರವು ಭಾಳ ಆಗೇದ್ರಿ. ಆ ನಾಣ್ಯಾನೂ ನಾನ ತೊಳದಿರಬೇಕು ಅನಸ್ತದ."

ತಲೆಯೆತ್ತದೆ ಉಂಗುರ ಸಡಿಲಿಸಿ ಕೊಟ್ಟೆ. ಆಗಲಾದರೂ ಹೇಳಬಹುದಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು ಅಂತ — ಇಲ್ಲ, ಅದು ಬರೀ ನೆವ.

ನಿಮ್ಮ ನೆನಪು ಸರಿಯಾಗಿಯೇ ಇದೆ, ಅಕ್ಕಾವ್ರೇ. ಅದನ್ನು ನೀವೇ ನಂಬದಂತೆ ಮಾಡಿದವನು ನಾನು. ನಾಳೆ ನವನಗರದ ನಿಮ್ಮ ಮನೆಗೆ ಬರುತ್ತೇನೆ. ನಿಮಗೆ ಬರೆದ ಈ ಕಾಗದವನ್ನು ಮಾಸ್ತರರ ಕೈಗೇ ಕೊಟ್ಟು, ಗಟ್ಟಿಯಾಗಿ ಓದಲು ಹೇಳುತ್ತೇನೆ. ನೀವು ಅಲ್ಲೇ ಎದುರಿಗೆ ಕೂತಿರಬೇಕು. ಅವರು ತಲೆಯೆತ್ತಿ ನಿಮ್ಮ ಮುಖ ನೋಡುವವರೆಗೂ ನಾನು ಅಲ್ಲಿಂದ ಏಳುವುದಿಲ್ಲ.